ಹೊಸ ಕಾಮಗಾರಿಗೆ ಮೊದಲು ಇದ್ದದ್ದರ ಲೆಕ್ಕ: ಸೇಡಂ–ಚಿಂಚೋಳಿ ಸೀಮೆಯಲ್ಲಿ ಸಾರ್ವಜನಿಕ ಆಸ್ತಿಯ ನಿರ್ವಹಣೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಕಲಬುರಗಿಯಿಂದ ಪೂರ್ವಕ್ಕೂ ದಕ್ಷಿಣಕ್ಕೂ ಹರಡಿಕೊಂಡಿರುವ ಈ ಊರುಗಳನ್ನು ತೊಗರಿ, ಸುಣ್ಣದಕಲ್ಲು ಮತ್ತು ರೈಲು ಒಂದಕ್ಕೊಂದು ಹೆಣೆದಿವೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಆ ಪಟ್ಟಿಯಲ್ಲಿದ್ದವು. ಅಂದಿನಿಂದ ಈ ಭಾಗಕ್ಕೆ ಹಣ ಬರುತ್ತಿದೆ. ರಸ್ತೆ, ಶಾಲಾ ಕೊಠಡಿ, ನೀರಿನ ಟ್ಯಾಂಕು, ಸಮುದಾಯ ಭವನ ಏಳುತ್ತಿವೆ. ಎದ್ದುನಿಂತದ್ದನ್ನು ಮುಂದಿನ ಮೂವತ್ತು ವರ್ಷ ಯಾರು, ಯಾವ ದುಡ್ಡಿನಲ್ಲಿ, ಹೇಗೆ ಕಾಪಾಡಬೇಕು ಎಂಬುದು ಮಾತ್ರ ಕಟ್ಟುವ ಮುಂಚೆ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಆಸ್ತಿ ನಿರ್ವಹಣಾ ಯೋಜನೆ ಆ ಚರ್ಚೆಗೆ ಒಂದು ಕ್ರಮ ಕೊಡುತ್ತದೆ.

ಏನಿದು ಆಸ್ತಿ ನಿರ್ವಹಣಾ ಯೋಜನೆ

ಸರ್ಕಾರಿ ಸಂಸ್ಥೆಯೊಂದರ ಕೈಯಲ್ಲಿ ಏನೇನಿದೆ, ಪ್ರತಿಯೊಂದೂ ಈಗ ಯಾವ ಸ್ಥಿತಿಯಲ್ಲಿದೆ, ಇನ್ನೆಷ್ಟು ವರ್ಷ ಬಾಳುತ್ತದೆ, ಕೆಟ್ಟರೆ ಯಾರಿಗೆಷ್ಟು ತೊಂದರೆ, ಅದನ್ನು ಉಳಿಸಲು ಯಾವ ವರ್ಷ ಎಷ್ಟು ಹಣ ಬೇಕು ಎಂಬುದನ್ನು ಬರೆದಿಟ್ಟು, ಅದರ ಮೇಲೆ ಮುಂದಿನ ಹತ್ತಿಪ್ಪತ್ತು ವರ್ಷದ ಖರ್ಚನ್ನು ನಿರ್ಧರಿಸುವುದೇ ಆಸ್ತಿ ನಿರ್ವಹಣಾ ಯೋಜನೆ. ಇಲ್ಲಿ ಆಸ್ತಿ ಎಂದರೆ ಜಮೀನು, ಕಟ್ಟಡ ಅಷ್ಟೇ ಅಲ್ಲ. ನೆಲದಡಿಯ ಪೈಪು, ಬೀದಿದೀಪದ ಕಂಬ, ಮೋರಿ, ಬೋರ್‌ವೆಲ್‌ನ ಮೋಟರು, ಕೆರೆಯ ತೂಬು ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಆಸ್ತಿ ವಹಿ ಇಡಬೇಕೆಂಬ ನಿಯಮ ನಮ್ಮಲ್ಲಿ ಹೊಸದಲ್ಲ. ಪುರಸಭೆಗಳಿಗೆ 2006ರ ಆಯವ್ಯಯ ಮತ್ತು ಲೆಕ್ಕಪತ್ರ ನಿಯಮಗಳಿವೆ. ಗ್ರಾಮ ಪಂಚಾಯಿತಿಗಳಿಗೂ ಅದೇ ವರ್ಷದ ಅಂಥದೇ ನಿಯಮಗಳಿವೆ. ಆದರೆ ವಹಿ ಬೇರೆ, ಯೋಜನೆ ಬೇರೆ. ‘ಓವರ್‌ಹೆಡ್ ಟ್ಯಾಂಕ್ – 1’ ಎಂದು ಬರೆದಿದ್ದರೆ ಅದು ವಹಿ. ಟ್ಯಾಂಕಿನ ತಳದ ಸ್ಲ್ಯಾಬಿನಲ್ಲಿ ಕಬ್ಬಿಣ ಕಾಣಿಸಿಕೊಂಡಿದೆ, ಎರಡು ವರ್ಷದೊಳಗೆ ದುರಸ್ತಿ ಮಾಡದಿದ್ದರೆ ಕೆಡವಿ ಕಟ್ಟಬೇಕಾಗುತ್ತದೆ, ಇಷ್ಟು ಮನೆಗಳಿಗೆ ನೀರು ನಿಲ್ಲುತ್ತದೆ ಎಂದು ಬರೆದು ಅದರ ಮುಂದೆ ವರ್ಷವನ್ನೂ ಮೊತ್ತವನ್ನೂ ನಮೂದಿಸಿದಾಗ ಯೋಜನೆ ಶುರುವಾಗುತ್ತದೆ. ಲೆಕ್ಕಪತ್ರದ ಸವಕಳಿ ಅಂಕಿಯೂ ಇದಕ್ಕೆ ಸಾಲದು. ಕಾಗದದ ಮೇಲೆ ಪೂರ್ತಿ ಸವೆದ ಕಟ್ಟಡ ಗಟ್ಟಿಮುಟ್ಟಾಗಿ ನಿಂತಿರಬಹುದು, ಐದೇ ವರ್ಷದ ಕಟ್ಟಡ ಸೋರುತ್ತಿರಬಹುದು.

ಎರೆಮಣ್ಣು, ಸುಣ್ಣದಕಲ್ಲು, ಲಾರಿ

ಈ ಸೀಮೆಗೆ ಬೆಂಗಳೂರಿನ ಅಂದಾಜು ಪತ್ರಿಕೆ ಹೊಂದುವುದಿಲ್ಲ. ಅದಕ್ಕೆ ಮೊದಲ ಕಾರಣ ನೆಲ. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲಕ್ಕೆ ಬಿರಿಯುತ್ತದೆ. ಮೇಲಿನ ರಸ್ತೆಯೂ, ಕಾಂಪೌಂಡ್ ಗೋಡೆಯೂ, ಆಳವಿಲ್ಲದ ಪಾಯದ ಶಾಲಾ ಕೊಠಡಿಯೂ ವರ್ಷವರ್ಷ ಅದರೊಂದಿಗೆ ಏಳುತ್ತ ಇಳಿಯುತ್ತವೆ. ಇಂಥ ನೆಲದಲ್ಲಿ ರಸ್ತೆಯ ಆಯುಷ್ಯವನ್ನು ಡಾಂಬರಿನ ದಪ್ಪಕ್ಕಿಂತ ಹೆಚ್ಚಾಗಿ ಪಕ್ಕದ ಚರಂಡಿ ನಿರ್ಧರಿಸುತ್ತದೆ. ಮಳೆಗೆ ಮೊದಲು ಬಿರುಕು ಮುಚ್ಚಿ, ಚರಂಡಿಯ ಹೂಳು ತೆಗೆದರೆ ನೀರು ಬುಡಕ್ಕೆ ಇಳಿಯುವುದಿಲ್ಲ. ಇಷ್ಟು ಅಗ್ಗದ ಕೆಲಸಕ್ಕೆ ಉದ್ಘಾಟನೆ ಇರುವುದಿಲ್ಲ, ಹಾಗಾಗಿ ಕ್ರಿಯಾ ಯೋಜನೆಯಲ್ಲಿ ಅದು ಕೊನೆಯ ಸಾಲಿಗೆ ಸರಿಯುತ್ತದೆ.

ಎರಡನೆಯದು ಭಾರ. ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಶುರುವಾದದ್ದು 1920ರ ದಶಕದಲ್ಲಿ. ಆಮೇಲೆ ವಾಡಿ, ಮಳಖೇಡ, ಸೇಡಂ ಸುತ್ತ ದೊಡ್ಡ ಕಾರ್ಖಾನೆಗಳು ಬಂದವು. ಸಿಮೆಂಟ್ ತುಂಬಿದ ಬಲ್ಕರ್, ಕಲ್ಲು ಹೇರಿದ ಟಿಪ್ಪರ್, ಶಹಾಬಾದ್ ಫರ್ಸಿ ಹೊತ್ತ ಲಾರಿ ಹಗಲಿರುಳು ಓಡುತ್ತವೆ. ಭಾರಕ್ಕೂ ರಸ್ತೆಯ ಸವೆತಕ್ಕೂ ಇರುವ ಸಂಬಂಧವನ್ನು ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಡೆದ ರಸ್ತೆ ಪರೀಕ್ಷೆ ತೋರಿಸಿಕೊಟ್ಟಿತು. ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಪೆಟ್ಟು ಎರಡಲ್ಲ, ಸುಮಾರು ಹದಿನಾರು ಪಟ್ಟು. ಈ ಸೂತ್ರದ ಪ್ರಕಾರ 10 ಟನ್ನಿನ ಒಂದು ಲಾರಿ ಆಕ್ಸಲ್ ಮಾಡುವ ಹಾನಿ ಅರ್ಧ ಟನ್ನಿನ ಕಾರ್ ಆಕ್ಸಲ್‌ಗಿಂತ ಒಂದು ಲಕ್ಷ ಅರವತ್ತು ಸಾವಿರ ಪಟ್ಟು ಹೆಚ್ಚು. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಆಕ್ಸಲ್‌ಗೆ ಅನುಮತಿಸಿದ ಭಾರವನ್ನು 10.2 ಟನ್‌ನಿಂದ 11.5 ಟನ್‌ಗೆ ಏರಿಸಿತು. ಭಾರ ಏರಿದ್ದು ಶೇ 13ಕ್ಕಿಂತ ಕಡಿಮೆ. ಅದೇ ಸೂತ್ರ ಹಚ್ಚಿ ನೋಡಿದರೆ ಪೆಟ್ಟು ಶೇ 60ರಷ್ಟು ಏರಿದೆ. ಹಳೆಯ ಭಾರಕ್ಕೆಂದು ಕಟ್ಟಿದ ರಸ್ತೆ ಹತ್ತು ವರ್ಷ ಬಾಳಬೇಕಿದ್ದದ್ದು ಆರು ವರ್ಷಕ್ಕೇ ಏಳುತ್ತದೆ.

ಗುತ್ತಿಗೆದಾರರ ಕಳಪೆ ಕಾಮಗಾರಿಯೂ ಕಾರಣ ಇರಬಹುದು. ಆದರೆ ದಿನಕ್ಕೆ ಎಷ್ಟು ಲಾರಿ, ಯಾವ ಭಾರದ್ದು ಎಂಬ ಎಣಿಕೆಯೇ ಇಲ್ಲದೆ ದೂರು ಹೇಳಿದರೆ ಎರಡನ್ನೂ ಬೇರ್ಪಡಿಸಿ ನೋಡಲಾಗದು. ಎಣಿಕೆ ಇದ್ದರೆ ನಿರ್ಧಾರವೇ ಬೇರೆಯಾಗುತ್ತದೆ. ಬಲ್ಕರ್ ಓಡುವ ಹದಿನೈದು ಕಿಲೋಮೀಟರಿಗೆ ದಪ್ಪ ಕಾಂಕ್ರೀಟ್, ಊರೊಳಗಿನ ರಸ್ತೆಗೆ ತೆಳು ಪದರ ಎಂದು ವಿಂಗಡಿಸಬಹುದು, ಇಲ್ಲವೇ ಕಾರ್ಖಾನೆಗೆ ಪ್ರತ್ಯೇಕ ದಾರಿ ಕೇಳಬಹುದು. ಲೋಕೋಪಯೋಗಿ ಇಲಾಖೆಗೆ ಬೆಂಗಳೂರಿನಲ್ಲಿ ಯೋಜನೆ ಮತ್ತು ರಸ್ತೆ ಆಸ್ತಿ ನಿರ್ವಹಣಾ ಕೇಂದ್ರವೇ ಇದೆ. ವಿಶ್ವಬ್ಯಾಂಕ್ ನೆರವಿನ ರಾಜ್ಯ ಹೆದ್ದಾರಿ ಸುಧಾರಣಾ ಯೋಜನೆಯ ಕಾಲದಲ್ಲಿ ಬೆಳೆದ ಈ ವ್ಯವಸ್ಥೆ ರಾಜ್ಯ ಹೆದ್ದಾರಿಗಳ ಸ್ಥಿತಿ, ಸಂಚಾರದ ಮಾಹಿತಿ ಇಟ್ಟುಕೊಂಡು ಯಾವುದಕ್ಕೆ ಮೊದಲು ಹಣ ಎಂದು ನೋಡುತ್ತದೆ. ಆ ಶಿಸ್ತು ಪುರಸಭೆಯ ವಾರ್ಡ್ ರಸ್ತೆಗೂ ಪಂಚಾಯಿತಿಯ ಹೊಲದ ದಾರಿಗೂ ಇಳಿಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನೀರಿನ ಘಟಕ ಮತ್ತು ಅದರ ಮೆಂಬ್ರೇನ್

ಹಳ್ಳಿಹಳ್ಳಿಯ ಬಸ್ ನಿಲ್ದಾಣದ ಬಳಿ ನಿಂತಿರುವ ಶುದ್ಧ ಕುಡಿಯುವ ನೀರಿನ ಘಟಕವನ್ನು ಒಳಹೊಕ್ಕು ನೋಡಿದರೆ ಇಡೀ ವಿಷಯ ಅರ್ಥವಾಗುತ್ತದೆ. ಬೋರ್‌ವೆಲ್ ನೀರು ಮೊದಲು ಮರಳಿನ ಫಿಲ್ಟರ್, ಆಮೇಲೆ ಇದ್ದಿಲಿನ ಫಿಲ್ಟರ್, ಆಮೇಲೆ ಬಿಳಿ ನೂಲು ಸುತ್ತಿದಂತಿರುವ ಕಾರ್ಟ್ರಿಜ್ ದಾಟುತ್ತದೆ. ಕೊನೆಗೆ ಪಂಪಿನ ಒತ್ತಡದಲ್ಲಿ ಮೆಂಬ್ರೇನ್ ಹಾಯ್ದು ಹೊರಗಿನ ನಲ್ಲಿಗೆ ಬರುತ್ತದೆ. ಕಾಯಿನ್ ಹಾಕಿದರೆ ಕ್ಯಾನು ತುಂಬುತ್ತದೆ. ಕಾರ್ಟ್ರಿಜ್ ಕೆಲವು ತಿಂಗಳಿಗೊಮ್ಮೆ ಬದಲಾಗಬೇಕು. ಮೆಂಬ್ರೇನ್ ಚೆನ್ನಾಗಿ ನೋಡಿಕೊಂಡರೆ ಮೂರರಿಂದ ಐದು ವರ್ಷ ಬರುತ್ತದೆ.

ಸುಣ್ಣದಕಲ್ಲಿನ ಪ್ರದೇಶದಲ್ಲಿ ನೀರು ಗಡಸು. ಆ ಸುಣ್ಣ ಮೆಂಬ್ರೇನ್ ಮೇಲೆ ಪೊರೆಗಟ್ಟುತ್ತದೆ. ಪೊರೆಗಟ್ಟದಂತೆ ತಡೆಯುವ ರಾಸಾಯನಿಕ ಹಾಕದಿದ್ದರೆ, ಕಾಲಕಾಲಕ್ಕೆ ತೊಳೆಯದಿದ್ದರೆ ಆಯುಷ್ಯ ಇನ್ನೂ ಇಳಿಯುತ್ತದೆ. ಮೊದಲು ನೀರಿನ ಧಾರೆ ಸಣ್ಣದಾಗುತ್ತದೆ, ಆಮೇಲೆ ರುಚಿ ಕೆಡುತ್ತದೆ, ಒಂದು ದಿನ ಪಂಪು ಸುಟ್ಟು ಬಾಗಿಲಿಗೆ ಬೀಗ ಬೀಳುತ್ತದೆ. ಹೆಣ್ಣುಮಕ್ಕಳು ಕೊಡ ಹಿಡಿದು ಮತ್ತೆ ಹಳೆಯ ಬೋರಿಗೆ ಹೋಗುತ್ತಾರೆ.

ಲೆಕ್ಕಕ್ಕೆಂದು ಹಿಡಿಯೋಣ: 20 ಲೀಟರಿನ ಕ್ಯಾನಿಗೆ 5 ರೂಪಾಯಿ, ದಿನಕ್ಕೆ 150 ಕ್ಯಾನು. ದಿನಕ್ಕೆ 750, ತಿಂಗಳಿಗೆ 22,500 ರೂಪಾಯಿ ಕೈಗೆ ಬಂತು. ಅದರಲ್ಲಿ ಕರೆಂಟು ಬಿಲ್ಲು, ನೋಡಿಕೊಳ್ಳುವವರ ಸಂಬಳ, ಕಾರ್ಟ್ರಿಜ್, ರಾಸಾಯನಿಕ ಹೋಗುತ್ತದೆ. ಇಷ್ಟನ್ನೇ ಖರ್ಚೆಂದುಕೊಂಡರೆ ಘಟಕ ಲಾಭದಲ್ಲಿದೆ ಎಂದು ಕಾಣುತ್ತದೆ. ನಾಲ್ಕನೇ ವರ್ಷ ಬೇಕಾಗುವ ಮೆಂಬ್ರೇನ್, ಆರನೇ ವರ್ಷದ ಪಂಪು, ಹತ್ತನೇ ವರ್ಷದ ಹೊಸ ಬೋರ್‌ವೆಲ್ ಮೂರಕ್ಕೂ ತಿಂಗಳು ತಿಂಗಳು ಒಂದಿಷ್ಟು ಎತ್ತಿಟ್ಟಾಗಲೇ ನಿಜವಾದ ಲೆಕ್ಕ ಸಿಗುವುದು. ಆ ಲೆಕ್ಕದಲ್ಲಿ 5 ರೂಪಾಯಿ ಸಾಲದು ಎಂದು ಗೊತ್ತಾದರೆ ಪಂಚಾಯಿತಿಯ ಮುಂದೆ ಆಯ್ಕೆಗಳಿವೆ: ದರ ಏರಿಸುವುದು, ಹಣಕಾಸು ಆಯೋಗದ ಅನುದಾನದಿಂದ ತುಂಬಿಕೊಡುವುದು, ಅಥವಾ ಹತ್ತಿರದ ಎರಡು ಘಟಕಗಳ ಬದಲು ಒಂದನ್ನೇ ಚೆನ್ನಾಗಿ ನಡೆಸುವುದು. ನಿರ್ವಹಣೆಯ ಗುತ್ತಿಗೆ ಮುಗಿದು ಘಟಕ ಪಂಚಾಯಿತಿಗೆ ಹಸ್ತಾಂತರವಾಗುವ ದಿನವೇ ಈ ಲೆಕ್ಕ ಪಿಡಿಒ ಮೇಜಿನ ಮೇಲಿರಬೇಕು.

2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಮಿಷನ್ ಇದೇ ಪ್ರಶ್ನೆಯನ್ನು ಇನ್ನೂ ದೊಡ್ಡದಾಗಿ ಎತ್ತುತ್ತದೆ. ತಲೆಗೆ ದಿನಕ್ಕೆ 55 ಲೀಟರ್ ಕೊಡುವ ನಲ್ಲಿ ಮನೆಮನೆಗೆ ಬಂದರೆ ಪೈಪು, ವಾಲ್ವು, ಮೋಟರು ಎಲ್ಲವೂ ಹಳ್ಳಿಯ ಲೆಕ್ಕಕ್ಕೆ ಸೇರುತ್ತವೆ. ಯಾವ ಓಣಿಯಲ್ಲಿ ಪೈಪು ಎಷ್ಟು ಆಳದಲ್ಲಿದೆ ಎಂಬುದು ವಾಟರ್‌ಮ್ಯಾನ್ ತಲೆಯಲ್ಲಷ್ಟೇ ಇದ್ದರೆ, ಆತ ಕೆಲಸ ಬಿಟ್ಟ ದಿನ ಆ ಜ್ಞಾನವೂ ಹೋಯಿತು. ಕಾಮಗಾರಿ ಮುಗಿದಾಗ ಗುತ್ತಿಗೆದಾರರಿಂದ ನಕ್ಷೆ ಪಡೆಯದೆ ಕೊನೆಯ ಬಿಲ್ಲು ಪಾಸು ಮಾಡಬಾರದು.

ಕಲಬುರಗಿ ನಗರದಲ್ಲೇ ಕಣ್ಣೆದುರಿಗಿನ ಉದಾಹರಣೆ ಇದೆ. ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ವಾರ್ಡುಗಳಲ್ಲಿ 2008ರಲ್ಲಿ ದಿನದ 24 ತಾಸೂ ನೀರು ಕೊಡುವ ಪ್ರಾತ್ಯಕ್ಷಿಕೆ ಶುರುವಾಯಿತು. ಆ ವಾರ್ಡುಗಳಲ್ಲಿ ಹಳೆಯ ಜಾಲಕ್ಕೆ ತೇಪೆ ಹಾಕದೆ ಪೈಪುಗಳನ್ನು ಬದಲಿಸಿ, ಮನೆಮನೆಗೆ ಮೀಟರ್ ಕೂಡಿಸಿದರು. ಸೋರಿಕೆ ಎಲ್ಲಿ, ಎಷ್ಟು ಎಂದು ಅಳೆಯುವುದು ಆಗ ಸಾಧ್ಯವಾಯಿತು.

ಕಾಗಿಣಾ ಉಕ್ಕಿದಾಗ

ತೆಲಂಗಾಣದಲ್ಲಿ ಹುಟ್ಟುವ ಕಾಗಿಣಾ ಸೇಡಂ, ಚಿತ್ತಾಪುರ, ಶಹಾಬಾದ್ ಸೀಮೆ ಹಾಯ್ದು ಭೀಮೆಗೆ ಸೇರುತ್ತದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ ಇದರ ದಂಡೆಯಲ್ಲೇ ಇದೆ. ಜೋರು ಮಳೆಯಾದ ವರ್ಷ ಮಳಖೇಡದ ಸೇತುವೆ ಮುಳುಗಿದರೆ ಸೇಡಂ–ಕಲಬುರಗಿ ಸಂಚಾರ ನಿಲ್ಲುತ್ತದೆ. ದಂಡೋತಿಯ ಸೇತುವೆ ಮುಳುಗಿದರೆ ಚಿತ್ತಾಪುರದವರು ಸುತ್ತು ಹಾಕಬೇಕು. 2020ರ ಅಕ್ಟೋಬರಿನ ಪ್ರವಾಹವನ್ನು ನದಿ ದಂಡೆಯ ಜನ ಮರೆತಿಲ್ಲ.

ತಗ್ಗಿನ ಸೇತುವೆಯನ್ನು ಎತ್ತರಿಸಬೇಕೋ, ಹೊಸದನ್ನು ಕಟ್ಟಬೇಕೋ, ಇದ್ದದ್ದನ್ನೇ ಬಲಪಡಿಸಿ ವರ್ಷದಲ್ಲಿ ಕೆಲವು ದಿನದ ತೊಂದರೆ ಸಹಿಸಬೇಕೋ? ಉತ್ತರಕ್ಕೆ ಬೇಕಾದ ದಾಖಲೆ ಬಹಳ ಸರಳವಾದದ್ದು. ಯಾವ ವರ್ಷ ಎಷ್ಟು ತಾಸು ಸಂಚಾರ ಬಂದಾಗಿತ್ತು, ನೀರು ಕಂಬದ ಯಾವ ಮಟ್ಟಕ್ಕೆ ಬಂದಿತ್ತು, ಎಷ್ಟು ಬಸ್ ಟ್ರಿಪ್ ರದ್ದಾದವು, ಆಂಬುಲೆನ್ಸ್ ಎಷ್ಟು ಕಿಲೋಮೀಟರ್ ಸುತ್ತಿತು. ಈ ಮಾಹಿತಿ ಚೂರುಚೂರಾಗಿ ಪೊಲೀಸ್ ಠಾಣೆ, ಬಸ್ ಡಿಪೊ, ತಹಶೀಲ್ದಾರ್ ಕಚೇರಿಗಳಲ್ಲಿ ಸಿಗುವಂಥದ್ದೇ. ಒಂದೇ ಹಾಳೆಗೆ ತಂದು ಹತ್ತು ವರ್ಷದ್ದನ್ನು ಜೋಡಿಸಿದರೆ, ಈ ಸೇತುವೆಗಳಲ್ಲಿ ಯಾವುದು ಮೊದಲು ಎಂಬ ಪ್ರಶ್ನೆ ಯಾರ ಧ್ವನಿ ಜೋರು ಎಂಬುದರ ಮೇಲೆ ನಿಲ್ಲುವುದಿಲ್ಲ.

ಅಣೆಕಟ್ಟಿನ ಒಂದು ಸರಪಳಿ

ಚಿಂಚೋಳಿಯಲ್ಲಿ ಮುಲ್ಲಾಮಾರಿ ನದಿಗೆ ನಾಗರಾಳ ಜಲಾಶಯವಿದೆ, ಕಾಡಿನ ಮಡಿಲಲ್ಲಿ ಚಂದ್ರಂಪಳ್ಳಿ ಇದೆ. ಹಳೆಯ ಚಿತ್ತಾಪುರ ತಾಲ್ಲೂಕಿನ ಹೇರೂರಿನ ಬಳಿ ಬೆಣ್ಣೆತೊರೆ ಯೋಜನೆ. ಇವೆಲ್ಲ ಕೆಲಸಕ್ಕೆ ಬರುವುದು ಗೇಟು, ತೂಬು, ಕಾಲುವೆ ಸರಿ ಇದ್ದರೆ ಮಾತ್ರ. ಕಾಲುವೆಯ ಲೈನಿಂಗ್ ಒಡೆದರೆ ಜಲಾಶಯ ತುಂಬಿದ್ದರೂ ಕೊನೆಯ ಹೊಲಕ್ಕೆ ನೀರು ಮುಟ್ಟುವುದಿಲ್ಲ.

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಜಲಾಶಯದಲ್ಲಿ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಒಂದು ವಾರದ ಹೊತ್ತಿಗೆ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ ನೀರು ನಿಲ್ಲಿಸಿದ ತಂತ್ರಜ್ಞರು, ಕಾರ್ಮಿಕರ ಸಾಹಸ ದೊಡ್ಡದು. ಆದರೆ ಅಷ್ಟರಲ್ಲಿ ಹತ್ತಾರು ಟಿಎಂಸಿ ನೀರು ಹೊಳೆಗೆ ಹೋಗಿತ್ತು. 1953ರ ಅಣೆಕಟ್ಟಿನ 33 ಗೇಟುಗಳನ್ನೂ ಬದಲಿಸಬೇಕೆಂದು ತಜ್ಞರು ಆಮೇಲೆ ಹೇಳಿದರು. ಒಂದು ಸರಪಳಿಯ ಬೆಲೆಯನ್ನೂ ಹರಿದುಹೋದ ನೀರಿನಿಂದ ಬೆಳೆಯಬಹುದಾಗಿದ್ದ ಭತ್ತದ ಬೆಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಈಗ ಇದನ್ನು ಕಾನೂನಿನ ಮಾತಾಗಿಸಿದೆ. 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳೂ, ಕೆಲವು ಷರತ್ತಿಗೆ ಒಳಪಟ್ಟು 10 ಮೀಟರ್ ದಾಟಿದವೂ ಇದರ ವ್ಯಾಪ್ತಿಗೆ ಬರುತ್ತವೆ. ಮಳೆಗಾಲದ ಮುಂಚೆ ಮತ್ತು ನಂತರ ತಪಾಸಣೆ, ನಿರ್ವಹಣೆಗೆ ಮೀಸಲು ಹಣ, ತುರ್ತು ಕ್ರಿಯಾ ಯೋಜನೆ ಎಲ್ಲವೂ ಮಾಲೀಕ ಸಂಸ್ಥೆಯ ಹೊಣೆ. ಇಂಥ ಕಡ್ಡಾಯ ಸೇತುವೆಗೂ ನೀರಿನ ಟ್ಯಾಂಕಿಗೂ ಇನ್ನೂ ಬಂದಿಲ್ಲ.

ಯಾರದು ಈ ಆಸ್ತಿ

ವಾಡಿಯಂಥ ಊರಲ್ಲಿ ಈ ಪ್ರಶ್ನೆ ನಿತ್ಯದ್ದು. 1874ರಲ್ಲಿ ಸಿಕಂದರಾಬಾದ್ ಮಾರ್ಗ ತೆರೆದಾಗಿನಿಂದ ಅದು ರೈಲು ಜಂಕ್ಷನ್. ರೈಲ್ವೆಯ ಜಾಗ ಒಂದು ಕಡೆ, ಸಿಮೆಂಟ್ ಕಾರ್ಖಾನೆಯ ಕಾಲೊನಿ ಇನ್ನೊಂದು ಕಡೆ, ನಡುವೆ ಪುರಸಭೆಯ ಊರು. ಒಂದೇ ಚರಂಡಿ ಮೂರು ಮಾಲೀಕರ ನೆಲ ದಾಟಬಹುದು. ಕಟ್ಟಿಕೊಂಡಾಗ ಎತ್ತುವವರು ಯಾರು ಎಂಬುದು ಮೊದಲೇ ಬರಹದಲ್ಲಿ ಇರಬೇಕು.

ಚಿತ್ತಾಪುರದಿಂದ ಶಹಾಬಾದ್ ಮತ್ತು ಕಾಳಗಿ ಪ್ರತ್ಯೇಕ ತಾಲ್ಲೂಕುಗಳಾದಾಗ ಕಡತಗಳೂ ಹಂಚಿಹೋಗಬೇಕಾಯಿತು. ಹೊಸ ತಾಲ್ಲೂಕಿಗೆ ಕಚೇರಿ ಬೇಕು. ಹೊಸ ಕಟ್ಟಡಕ್ಕೆ ಅಂದಾಜು ಪತ್ರಿಕೆ ಬರೆಯುವ ಮುಂಚೆ ಊರಲ್ಲಿ ಖಾಲಿ ಬಿದ್ದಿರುವ ಸರ್ಕಾರಿ ಕಟ್ಟಡಗಳೆಷ್ಟು, ದುರಸ್ತಿಗೆ ಎಷ್ಟಾಗುತ್ತದೆ ಎಂದು ನೋಡುವುದು ಆಸ್ತಿ ಯೋಜನೆಯ ಮೊದಲ ಲಾಭ. ಕಾರ್ಖಾನೆಗಳು ಬಂದು, ಕೆಲವು ಮುಚ್ಚಿ, ಕೈಬದಲಾದ ಶಹಾಬಾದಿನಲ್ಲಿ ಈ ಎಣಿಕೆ ಇನ್ನಷ್ಟು ಮುಖ್ಯ.

ಕಾರ್ಖಾನೆಗಳು ಸಿಎಸ್‌ಆರ್ ಹಣದಲ್ಲಿ ಕಟ್ಟಿಕೊಡುವ ಶಾಲಾ ಶೌಚಾಲಯ, ಬಸ್ ತಂಗುದಾಣಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಕೊಟ್ಟವರ ಫಲಕ ಉಳಿಯುತ್ತದೆ, ನೀರು, ಸ್ವಚ್ಛತೆಯ ಖರ್ಚು ಪಡೆದವರ ಮೇಲೆ ಬೀಳುತ್ತದೆ.

ದುಡ್ಡಿನ ದಾರಿಗಳು

ಈ ಭಾಗಕ್ಕೆ ಹಣದ ಮೂಲಗಳು ಕಡಿಮೆಯೇನಿಲ್ಲ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ಬೆನ್ನಿಗೆ 2013ರಲ್ಲಿ ಬಂದ ಪ್ರದೇಶಾಭಿವೃದ್ಧಿ ಮಂಡಳಿ ಇಂದಿನ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. ಅದಕ್ಕೆ 2023–24ರಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ಗಣಿ ಇರುವ ತಾಲ್ಲೂಕುಗಳಿಗೆ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯೂ ಇದೆ. 2015ರ ಜನವರಿ 12ಕ್ಕಿಂತ ಮೊದಲಿನ ಗುತ್ತಿಗೆಯಾದರೆ ರಾಜಧನದ ಶೇ 30ರಷ್ಟನ್ನು ಇದಕ್ಕೆ ಕಟ್ಟಬೇಕು. ಸಿಮೆಂಟಿಗೆ ಹೋಗುವ ಸುಣ್ಣದಕಲ್ಲಿಗೆ ಟನ್ನಿಗೆ 80 ರೂಪಾಯಿ ರಾಜಧನ ಎಂದರೆ ಪ್ರತಿಷ್ಠಾನಕ್ಕೆ 24 ರೂಪಾಯಿ. ಹರಾಜಿನಲ್ಲಿ ಪಡೆದ ಗುತ್ತಿಗೆಗೆ ಇದು ಶೇ 10. ಇವುಗಳ ಜೊತೆಗೆ ಹದಿನೈದನೇ ಹಣಕಾಸು ಆಯೋಗ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟು ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು.

ಕಷ್ಟ ಇರುವುದು ಅನುದಾನದ ಸ್ವಭಾವದಲ್ಲಿ. ಹೊಸ ಕಾಮಗಾರಿಗೆ ಅದು ಸುಲಭವಾಗಿ ಸಿಗುತ್ತದೆ, ಬೋಲ್ಟು ಬದಲಿಸಲು ಸಿಗುವುದಿಲ್ಲ. ಪುರಸಭೆಯ ಸ್ವಂತ ಆದಾಯವಾದ ಮನೆ ಕಂದಾಯ, ನೀರಿನ ಕರ ನಿರ್ವಹಣೆಗೆ ಸಾಲುವುದಿಲ್ಲ. ಹಾಗಾಗಿ ಪ್ರತಿ ಹೊಸ ಆಸ್ತಿಯೂ ಮುಂದಿನ ವರ್ಷಗಳ ಮೇಲೆ ಸಾಲದಂತೆ ಕೂರುತ್ತದೆ. ದಕ್ಷಿಣ ಆಫ್ರಿಕಾದ ರಾಷ್ಟ್ರೀಯ ರಸ್ತೆ ಸಂಸ್ಥೆಯ ಅಂದಾಜಿನಂತೆ ರಸ್ತೆಯ ನಿರ್ವಹಣೆಯನ್ನು ಮೂರು ವರ್ಷ ಮುಂದೂಡಿದರೆ ದುರಸ್ತಿ ವೆಚ್ಚ ಆರು ಪಟ್ಟು, ಐದು ವರ್ಷ ಮುಂದೂಡಿದರೆ ಹದಿನೆಂಟು ಪಟ್ಟು ಆಗುತ್ತದೆ. ನ್ಯೂಜಿಲೆಂಡಿನ ಸ್ಥಳೀಯ ಸಂಸ್ಥೆಗಳು ಕಾನೂನಿನ ಪ್ರಕಾರ 30 ವರ್ಷದ ಮೂಲಸೌಕರ್ಯ ಕಾರ್ಯತಂತ್ರ ಬರೆಯಲೇಬೇಕು. ಕೆನಡಾದ ಆಂಟಾರಿಯೊ ಪ್ರಾಂತ್ಯ 2017ರ ನಿಯಮದಿಂದ ಪ್ರತಿ ಪುರಸಭೆಗೂ ಆಸ್ತಿ ನಿರ್ವಹಣಾ ಯೋಜನೆ ಕಡ್ಡಾಯ ಮಾಡಿತು. ನಮ್ಮಲ್ಲಿ ಮಂಡಳಿಯಾಗಲಿ ಪ್ರತಿಷ್ಠಾನವಾಗಲಿ ಹಣ ಮಂಜೂರು ಮಾಡುವಾಗ ‘ಮುಂದಿನ ಹತ್ತು ವರ್ಷ ಇದರ ನಿರ್ವಹಣೆ ಯಾರದು, ವರ್ಷಕ್ಕೆ ಎಷ್ಟು’ ಎಂಬ ಒಂದು ಪುಟವನ್ನು ಕಡ್ಡಾಯ ಮಾಡಿದರೂ ಸಾಕು, ಪ್ರಸ್ತಾವಗಳ ಗುಣವೇ ಬದಲಾಗುತ್ತದೆ.

ಬೆಲೆ ಕಟ್ಟಲಾಗದ ಆಸ್ತಿ

ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ಮೂರ್ತಿಗೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನಗಳು ಕಂಡವು. ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರು ಕೆತ್ತಿದ ಶಿಲ್ಪವೇ ಸಿಕ್ಕಿತು. 1990ರ ದಶಕದಲ್ಲಿ ಉತ್ಖನನವಾದ ಆ ಜಾಗದ ಶಿಲ್ಪಫಲಕಗಳು ಬಿಸಿಲು ಮಳೆಯಲ್ಲಿ ಕಾದು, ಎರಡು ದಶಕ ಕಳೆದ ಮೇಲೆ ಸಂರಕ್ಷಣೆಯ ಕೆಲಸ ಕೈಗೆ ಬಂತು. ಇಂಥವಕ್ಕೆ ಬದಲಿ ವೆಚ್ಚ ಎಂಬ ಕಾಲಮ್ಮೇ ಇರುವುದಿಲ್ಲ. ಹಾಗಾಗಿ ಅಗೆಯುವ ಮುಂಚೆಯೇ ಮುಚ್ಚುವ, ಕಾಯುವ ಹಣ ಎತ್ತಿಡಬೇಕು.

ವರ್ಷದಲ್ಲಿ ಯಾವಾಗ ಏನು

ಆಸ್ತಿ ಯೋಜನೆಗೆ ದುಬಾರಿ ಸಾಫ್ಟ್‌ವೇರಿನಿಂದಲೇ ಶುರು ಮಾಡಬೇಕಾಗಿಲ್ಲ. ಸರ್ಕಾರಿ ಶಾಲೆಯ ಹೆಡ್‌ಮಾಸ್ತರು ಪ್ರತಿ ವರ್ಷ ಯು-ಡೈಸ್ ನಮೂನೆಯಲ್ಲಿ ಎಷ್ಟು ಕೊಠಡಿ ಚೆನ್ನಾಗಿವೆ, ಎಷ್ಟಕ್ಕೆ ಸಣ್ಣ ದುರಸ್ತಿ, ಎಷ್ಟಕ್ಕೆ ದೊಡ್ಡ ದುರಸ್ತಿ ಬೇಕು ಎಂದು ತುಂಬುತ್ತಾರೆ. ಅದೇ ಮೂರು ದರ್ಜೆಯನ್ನು ಟ್ಯಾಂಕು, ಮೋರಿ, ಅಂಗನವಾಡಿಗೂ ಹಚ್ಚಿದರೆ ಮೊದಲ ವರ್ಷದ ಕೆಲಸ ಮುಗಿಯಿತು.

ಮೇ ತಿಂಗಳಲ್ಲಿ ಚರಂಡಿ, ಬಿರುಕು, ಗೇಟು ನೋಡಬೇಕು. ಮಳೆ ನಿಂತ ಮೇಲೆ ಅಕ್ಟೋಬರ್–ನವೆಂಬರಿನಲ್ಲಿ ಜೆಇ ಮತ್ತು ವಾಟರ್‌ಮ್ಯಾನ್ ಜೊತೆಯಾಗಿ ಓಡಾಡಿ ದರ್ಜೆ ಬರೆಯಬೇಕು, ಏಕೆಂದರೆ ಮಳೆ ಮಾಡಿದ ಹಾನಿ ಆಗಲೇ ಕಣ್ಣಿಗೆ ಬೀಳುವುದು. ‘ನಮ್ಮ ಗ್ರಾಮ ನಮ್ಮ ಯೋಜನೆ’ ಸಿದ್ಧವಾಗುವುದೂ ಅದೇ ತಿಂಗಳುಗಳಲ್ಲಿ, ಹೀಗಾಗಿ ಪಟ್ಟಿ ನೇರ ಗ್ರಾಮಸಭೆಗೆ ಹೋಗಬಹುದು. ಪುರಸಭೆಯ ಬಜೆಟ್ ಪೂರ್ವ ಸಭೆಗೂ ಅದೇ ಪಟ್ಟಿ ಸಾಕು. ಸಭೆಗೆ ಬಂದವರು ಹೊಸ ಸಿ.ಸಿ. ರಸ್ತೆ ಕೇಳುವಾಗ, ತಮ್ಮ ಓಣಿಯ ಪೈಪು ಯಾವ ದರ್ಜೆಯಲ್ಲಿದೆ, ರಸ್ತೆ ಹಾಕಿದ ಮರುವರ್ಷ ಪೈಪಿಗಾಗಿ ಅದನ್ನು ಅಗೆಯಬೇಕಾಗುತ್ತದೆಯೇ ಎಂದು ಕೇಳಿ ತಿಳಿಯಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಯೋಜನೆ, ಬಜೆಟ್ಟಿನ ವಿವರಗಳನ್ನು ಯಾರೂ ಅರ್ಜಿ ಹಾಕದೆಯೇ ಪ್ರಕಟಿಸಬೇಕೆಂದು ಹೇಳುತ್ತದೆ. ದರ್ಜೆ ಪಟ್ಟಿಯನ್ನು ಪಂಚಾಯಿತಿಯ ಗೋಡೆಗೆ ಅಂಟಿಸಲು ಯಾರೂ ಬೇರೆ ಆದೇಶಕ್ಕೆ ಕಾಯಬೇಕಿಲ್ಲ.